ಓದಿ ಹೇಳುವವಳು

"ಎ, ಪಿ, ಎಲ್, ಎ, ವೈ. ಒಂದು ಜಾಗ ಬಿಡ್ರಿ. ಆಮ್ಯಾಲ ಅಡ್ಡಗೆರಿ, ಸಣ್ಣ ಎಲ್. ಬರದ್ರಿ?" ಗಂಗಾವತಿಯ ತನ್ನ ಕಂಪ್ಯೂಟರ್ ಅಂಗಡಿಯಿಂದ ಗಾಳೇಶ ಫೋನಿನಲ್ಲಿ ಕೂಗುತ್ತಿದ್ದ. ಅವನ ಹಿಂದೆ ಝೆರಾಕ್ಸ್ ಮಷೀನು ಗರಗರ ಅನ್ನುತ್ತಿತ್ತು.

"ಬರದೀನ್ರಿ," ಎಂದಳು ಅನುಸೂಯಾ. ಅವಳ ಬೆರಳುಗಳು ಅವನ ಮಾತಿಗಿಂತ ಮುಂದೆ ಓಡಿದ್ದವು. ಬೆಳಗಿನಿಂದ ಇದೇ ಅಕ್ಷರಗಳನ್ನು ಒತ್ತಿ ಒತ್ತಿ ಕೀಲಿಗಳಿಗೂ ಬಾಯಿಪಾಠವಾಗಿರಬೇಕು.

"ಎಂಟರ್ ಒತ್ತಿ, ಏನ್ ಬಂತು ಓದಸ್ರಿ."

ಅನುಸೂಯಾ ಎಂಟರ್ ಒತ್ತಿ ಮುಖವನ್ನು ಎಡಕ್ಕೆ ತಿರುಗಿಸಿದಳು. ಎಡಕ್ಕೆ ಅಂಜಲಿಯ ಕುರ್ಚಿ. ಪರದೆಯ ಕಡೆ ಬಾಗಿದಾಗಲೆಲ್ಲ ಅಂಜಲಿಯ ಗಾಜಿನ ಬಳೆಗಳು ಮೇಜಿನ ಅಂಚಿಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಹುಟ್ಟಿದಾರಭ್ಯ ಕಣ್ಣಿಲ್ಲದ ಅನುಸೂಯಾಗೆ ಆ ಸದ್ದು ಕೇಳಿದರೆ ತನ್ನದೇ ರೆಪ್ಪೆ ತೆರೆದಷ್ಟು ಸಮಾಧಾನ.

"ಅದಾ ಬಂದೈತಿ," ಎಂದಳು ಅಂಜಲಿ. "ನೋ ಸೌಂಡ್‌ಕಾರ್ಡ್ಸ್ ಫೌಂಡ್."

"ಅದ್ಹೆಂಗ ಆಗತೈತ್ರಿ?" ಗಾಳೇಶನ ದನಿ ಏರಿತು. "ಮೊದಲ ದಿನ ಹಂಗ ಬಂದಿತ್ತು, ಖರೆ. ನಾ ಅದಕ್ಕ ಬೇಕಾದ್ದು ಹಾಕಿ ಸರಿ ಮಾಡಿ ಹೋಗೀನಿ. ಈಗ ಮತ್ತ ಹಂಗ ಬರಬಾರ್ದು. ಸರಿಯಾಗಿ ನೋಡ್ರಿ."

"ಸರಿಯಾಗೇ ನೋಡೀನಪ್ಪ. ಕಾರ್ಡ್ ಇಲ್ಲಂತ ಐತಿ."

"ಹಂಗಾರ ಸುಟ್ಟೈತಿ ಬಿಡ್ರಿ," ಎಂದು ಗಾಳೇಶ ಉಸಿರು ಬಿಟ್ಟ. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಅದಕ್ಕೆ ದನಿ ಕೊಡುವ ಬಿಲ್ಲೆಯೇ ಸತ್ತುಹೋಗಿದೆ ಎಂಬುದು ಅವನ ಮಾತಿನ ಅರ್ಥ.

ಬಾಗಿಲ ಬಳಿ ಯಾರೋ ಮೂಗು ಏರಿಸಿದ ಸದ್ದಾಯಿತು. ಸಂಘದ ಜವಾನ ಹನಮಪ್ಪ. "ನಂದಾ ತಪ್ಪ ಯವ್ವಾ. ಖಂಡೇಪೂಜಿ ದಿವಸ ನಾ ಅದಕ್ಕ ಈಬತ್ತಿ ನೀರು ಚಿಮಕಿಸಬಾರ್ದಿತ್ತು," ಎಂದ. ಇದನ್ನು ಅವನು ನಿನ್ನೆಯಿಂದ ಹೇಳುತ್ತಲೇ ಇದ್ದ.

ಸಿದ್ದಾಪುರದ ಆ ಕಚೇರಿ ಕಾಲುವೆ ನೀರು ಬಳಸುವ ರೈತರ ಸಂಘದ್ದು. ಯಾವ ಊರಿಗೆ ಯಾವ ದಿನ ನೀರಿನ ಪಾಳಿ, ಯಾವ ತೂಬು ಒಡೆದಿದೆ, ಯಾವ ನೀರಗಂಟಿ ಕುಡಿದು ಮಲಗಿದ್ದಾನೆ, ಇಂಥ ತಕರಾರುಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಅವನ್ನು ಟೈಪ್ ಮಾಡುವ ಕೆಲಸ ಅನುಸೂಯಾಳದು. ಈ ಕೆಲಸ ಹಿಡಿಯುವ ಮೊದಲು ಅವಳಿಗೆ ಊರವರು ಹೇಳಿದ್ದು ಒಂದೇ ಬುದ್ಧಿ: ಹಾರ್ಮೋನಿಯಂ ಕಲಿ. ಈ ಸೀಮೆಯಲ್ಲಿ ಕಣ್ಣಿಲ್ಲದ ಮಗು ಹುಟ್ಟಿತೆಂದರೆ ತೊಟ್ಟಿಲಿಗೆ ಹಾಕುವ ಮೊದಲೇ ಮಂದಿ ಅದನ್ನು ಗವಾಯಿ ಮಾಡಿಬಿಡುತ್ತಾರೆ. ಮಠದಲ್ಲಿ ಪುರಾಣ ಹಚ್ಚಿದಾಗ ಹಾಡಿಕೊಂಡು ಹೊಟ್ಟೆ ಹೊರೆಯಲಿ ಎಂಬ ಸದುದ್ದೇಶವೇ, ಇಲ್ಲವೆನ್ನಲಾಗದು. ಆದರೆ ಅನುಸೂಯಾಳ ಕಂಠ ಅಂಥದಲ್ಲ. "ಈಕಿ ರಾಗ ತಗದ್ರ ಎಮ್ಮಿ ಹಗ್ಗ ಹರಕೊಂತಾವ," ಎಂದು ಅವಳ ತಾಯಿ ಫಕೀರಮ್ಮನೇ ನಗುತ್ತಿದ್ದಳು. ಹೀಗಾಗಿ ಹಟ ಹಿಡಿದು ಟೈಪಿಂಗ್ ಕಲಿತಳು, ಸಂಘದಲ್ಲಿ ತಾತ್ಕಾಲಿಕ ಕೆಲಸ ಹಿಡಿದಳು. ಅವಳಿಗೆ ಅರ್ಜಿಗಳನ್ನೂ ಪರದೆಯನ್ನೂ ಓದಿ ಹೇಳಲು ದಿನಗೂಲಿಯ ಮೇಲೆ ಒಬ್ಬಳನ್ನು ಇಟ್ಟರು. ಆಕೆಯೇ ಅಂಜಲಿ.

ಓದಿ ಹೇಳುವುದಕ್ಕೆಂದು ಬಂದವಳು ಅಷ್ಟಕ್ಕೇ ನಿಲ್ಲಲಿಲ್ಲ. ಬಸ್ಸಿಳಿದಲ್ಲಿಂದ ಕಚೇರಿಯವರೆಗೆ ಅನುಸೂಯಾ ಅಂಜಲಿಯ ಮೊಣಕೈ ಹಿಡಿದೇ ಬರುತ್ತಿದ್ದಳು. ಸಂತೆಯಲ್ಲಿ ಸೀರೆ ಆರಿಸುವಾಗ ಬಣ್ಣ ಹೇಳುವವಳು ಅಂಜಲಿ. ಯಾರು ಎದುರಿಗೆ ಕೂತು ಕಣ್ಣು ಹೊಡೆದರು, ಯಾರು ಮುಖ ಸಿಂಡರಿಸಿದರು ಎಂದು ಕಿವಿಯಲ್ಲಿ ಪಿಸುಗುಟ್ಟುವವಳೂ ಅವಳೇ. ರೊಟ್ಟಿ ಬುತ್ತಿ ಇಬ್ಬರದೂ ಒಂದೇ ಗಂಟು. ಮಡಚಿಡುವ ಬಿಳಿ ಕೋಲು ಅನುಸೂಯಾಳ ಚೀಲದ ತಳದಲ್ಲಿ ಬಿದ್ದು ಅದರ ಒಳಗಿನ ರಬ್ಬರು ಸಡಿಲಾಗಿಹೋಗಿತ್ತು.

ಮಳೆಗಾಲದ ಮೊದಲಲ್ಲಿ ಗಾಳೇಶ ಬಂದ. ಸಂಘದ ಹಳೇ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಡುತ್ತೇನೆ, ಅದರಲ್ಲಿ ಪರದೆ ಮೇಲಿದ್ದದ್ದನ್ನು ತಾನೇ ಓದಿ ಹೇಳುವ ವ್ಯವಸ್ಥೆ ಇದೆ, ಕನ್ನಡವನ್ನೂ ಓದುತ್ತದೆ, ಎಂದ. ಹಾಕಿದ ದಿನ ಅದು ತುಟಿ ಪಿಟ್ಟೆನ್ನಲಿಲ್ಲ. ಕಾರ್ಡ್ ಸಿಗುತ್ತಿಲ್ಲ ಎಂದು ಹಟ ಹಿಡಿಯಿತು. ಗಾಳೇಶ ಟೈಪ್ ಮಾಡುವುದು, ಅಂಜಲಿ ಪಕ್ಕದಲ್ಲಿ ನಿಂತು ಬಂದದ್ದನ್ನೆಲ್ಲ ಅನುಸೂಯಾಗೆ ಓದುವುದು, ಹೀಗೆ ಮಧ್ಯಾಹ್ನವೆಲ್ಲ ನಡೆಯಿತು. ಕಾರ್ಡ್ ಸಿಕ್ಕ ಮೇಲೂ ದನಿ ಬರಲಿಲ್ಲ. ಆಗ ಅವನು ದನಿ ಏರಿಸಿ ಇಳಿಸುವ ಮಿಕ್ಸರ್ ತೆರೆದು ಇಬ್ಬರಿಗೂ ಬಿಡಿಸಿ ಹೇಳಿದ್ದ: "ಇಲ್ಲಿ ಕೆಳಗ ಎರಡು ಸೊನ್ನಿ ಇದ್ರ ಬಾಯಿ ಬಿಟ್ಟೈತಿ ಅಂತ. ಎರಡು ಎಂ ಇದ್ರ ಬಾಯಿ ಮುಚ್ಚೈತಿ ಅಂತ. ಎಂ ಕೀಲಿ ಒತ್ತಿದ್ರ ಬಿಡತೈತಿ, ಮತ್ತೊಮ್ಮಿ ಒತ್ತಿದ್ರ ಮುಚ್ಚತೈತಿ. ಇಷ್ಟಾ ನೋಡ್ರಿ ಆಟ." ಅವನು ಎಂ ಒತ್ತಿದ್ದೇ ತಡ, ಕಂಪ್ಯೂಟರು ಮಾತಾಡಿತು.

ಎಂಥ ದನಿ ಅದು! ತಗಡಿನ ಡಬ್ಬಿಯಲ್ಲಿ ಕಡಲೆ ಹಾಕಿ ಅಲ್ಲಾಡಿಸಿದಂತೆ. ಒತ್ತಕ್ಷರ ಬಂದರೆ ಎಡವುತ್ತಿತ್ತು, 'ದುರುಗಪ್ಪ' ಎನ್ನಲು ಮೂರು ಸಲ ತಡವರಿಸುತ್ತಿತ್ತು. ಆದರೆ ತಾನು ಒತ್ತಿದ ಅಕ್ಷರ ಒತ್ತಿದ ಕೂಡಲೇ ತನಗೇ ಕೇಳಿದಾಗ ಅನುಸೂಯಾ ಕುರ್ಚಿಯಲ್ಲೇ ಅತ್ತುಬಿಟ್ಟಳು. ಅಲ್ಲಿಯವರೆಗೆ ತಾನು ಬರೆದದ್ದನ್ನು ತಾನು ಓದಿದವಳಲ್ಲ ಅವಳು. ಕಾರ್ಯದರ್ಶಿ ಗೋವಿಂದರಾಜ ಒಳಗಿಂದ ಬಂದು, "ಬಂತಲ್ಲ ಬಾಯಿ! ಇನ್ಮ್ಯಾಲ ಅಂಜಲಿ ಬಾಯಿಗೆ ರಜಾ," ಎಂದು ನಗೆ ಹಾರಿಸಿದ್ದ. ಎಲ್ಲರೂ ನಕ್ಕರು. ಅಳುತ್ತಿದ್ದ ಅನುಸೂಯಾಳೂ ನಕ್ಕಳು.

ದಸರೆಗೆ ಮುಂಚೆ ಗೋವಿಂದರಾಜ ಇನ್ನೊಂದು ಸುದ್ದಿ ತಂದ. ಹಬ್ಬ ಮುಗಿದ ಮೇಲಿನ ಶುಕ್ರವಾರ ಅಧ್ಯಕ್ಷ ದುರುಗಪ್ಪನವರೂ ನಿರ್ದೇಶಕರೂ ಬಂದು ಅನುಸೂಯಾಳ ಕೆಲಸ ನೋಡುತ್ತಾರೆ. ಯಾರ ಸಹಾಯವೂ ಇಲ್ಲದೆ ಮಾಡಿ ತೋರಿಸಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಬಾಗಿಲ ಹೊರಗಿನ ಸ್ಟೂಲು, ಫೋನು ಎತ್ತುವ ಕೆಲಸ, ಅದೂ ಎಷ್ಟು ದಿನವೋ. "ನಾಕು ಮಂದಿ ನಾಕು ಮಾತಾಡ್ತಾರವ್ವಾ. ಮಠದಾಗ ಹಾಡಾಕ ಕಳಸ್ರಿ ಅಂತ ಈಗಾಗ್ಲೇ ಒಬ್ರು ಅಂದಾರ. ನಿನ್ನ ಕೈಯಾಗ ಐತಿ," ಎಂದಿದ್ದ.

ಆಮೇಲೆ ಖಂಡೇಪೂಜೆ ಬಂತು. ರೈತ ನೇಗಿಲಿಗೆ, ಡ್ರೈವರು ಟ್ರ್ಯಾಕ್ಟರಿಗೆ ಪೂಜೆ ಮಾಡುವ ದಿನ ಸಂಘದ ಆಯುಧ ಎಂದರೆ ಕಂಪ್ಯೂಟರೇ ತಾನೆ. ಹನಮಪ್ಪ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಹಚ್ಚಿ, ನೀರು ಚಿಮುಕಿಸಿ, ಲಿಂಬೆಹಣ್ಣು ಹಿಂಡಿ, ಪಕ್ಕದಲ್ಲೇ ಕಾಯಿ ಒಡೆದ. ಮರುದಿನ ಅಂಜಲಿ ಬನ್ನಿ ಕೊಡಲು ಅನುಸೂಯಾಳ ಮನೆಗೇ ಬಂದಳು. ಬನ್ನಿ ಎಲೆಯನ್ನು ಅಂಗೈಯಲ್ಲಿಟ್ಟು, ಮೇಲೆ ತನ್ನ ಕೈ ಮುಚ್ಚಿ, "ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದಳು. ಅನುಸೂಯಾ ಆ ಎಲೆಯನ್ನು ಫೋನಿನ ಕವರಿನಲ್ಲಿ ಸಿಕ್ಕಿಸಿಕೊಂಡಿದ್ದಳು.

ರಜೆ ಮುಗಿಸಿ ಬಂದು ಕಂಪ್ಯೂಟರು ಹಚ್ಚಿದರೆ ಫ್ಯಾನಿನ ಗಾಳಿ ಬಿಟ್ಟು ಬೇರೆ ಸದ್ದಿಲ್ಲ. ಸ್ಪೀಕರು ಬದಲಿಸಿದರು, ಇಯರ್‌ಫೋನು ಚುಚ್ಚಿ ನೋಡಿದರು, ಆರಿಸಿ ಹಚ್ಚಿದರು. ಹನಮಪ್ಪ ಪೂಜೆಯ ವಿಷಯ ತೆಗೆದಾಗ ಅನುಸೂಯಾ ಕೆಂಡವಾದಳು. "ನಿಮಗ ಕಾಯಿ ಒಡಿಯಾಕ ನನ್ನ ಬಾಳೇ ಬೇಕಿತ್ತೇನು?" ಎಂದುಬಿಟ್ಟಳು. ತಂದೆಯ ವಯಸ್ಸಿನವನಿಗೆ ಹಾಗೆ ಅಂದದ್ದು ಅವಳಿಗೇ ಕಸಿವಿಸಿಯಾಯಿತು, ಆದರೆ ಮಾತು ಆಡಿಯಾಗಿತ್ತು. "ಹೋಗ್ಲಿ ಬಿಡಬೇ, ಮುದುಕಗ ಗೊತ್ತಾಗ್ಲಿಲ್ಲ," ಎಂದು ಅಂಜಲಿಯೇ ಸಮಾಧಾನ ಮಾಡಿದ್ದಳು.

ಈಗ ಶುಕ್ರವಾರ ನಾಳೆಯೇ.

"ಒಂದು ಕೆಲಸ ಮಾಡ್ತೀನಿ," ಎಂದ ಗಾಳೇಶ ಫೋನಿನಲ್ಲಿ. "ಹೊರಗಿಂದ ಚುಚ್ಚೂ ಸಣ್ಣ ಸೌಂಡ್‌ಕಾರ್ಡ್ ಒಂದು ಐತಿ ನನ್ನ ಕಡೆ. ಅಂಗಡಿ ತುಂಬ ಮಂದಿ ಅದಾರ, ನನಗ ಬರಾಕ ಆಗೂದಿಲ್ಲ. ಸಿದ್ದಾಪುರ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟು ಕಳಸ್ತೀನಿ. ಇಳಿಸ್ಕೋರಿ."

"ನಾ ಹೋಗಿ ಇಸ್ಕೊಂಡು ಬರ್ತೀನಿ," ಎಂದು ಅಂಜಲಿ ಎದ್ದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದು, ಕಾಲುವೆ ರಸ್ತೆಯ ಟ್ರ್ಯಾಕ್ಟರುಗಳ ಗದ್ದಲದಲ್ಲಿ ಕರಗಿತು.

ಹನಮಪ್ಪನೂ ಹೊರಗೆ ಹೋದ, ಅನುಸೂಯಾ ಒಬ್ಬಳೇ ಉಳಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದು ಅವಳ ಪಾಲಿಗೆ ಗಾದೆಯಾಗಿ ಉಳಿದಿರಲಿಲ್ಲ. ಬೆರಳುಗಳು ತಮ್ಮಷ್ಟಕ್ಕೆ ಕೀಲಿಗಳ ಮೇಲೆ ಆಡಿ ಮತ್ತೆ ಅದೇ ಅಪ್ಪಣೆ ಬರೆದವು. ಎಂಟರ್. ಓದುವವರು ಯಾರೂ ಇಲ್ಲ. ಆಗ ಅವಳಿಗೆ ಫೋನಿನ ನೆನಪಾಯಿತು. ಕ್ಯಾಮೆರಾದ ಮುಂದೆ ಹಿಡಿದ ಅಕ್ಷರವನ್ನು ಓದಿ ಹೇಳುವ ಆ್ಯಪ್ ಒಂದನ್ನು ಗಾಳೇಶನೇ ಹಾಕಿಕೊಟ್ಟಿದ್ದ. ಔಷಧಿ ಚೀಟಿಯನ್ನು ಅದು ಓದಿದ್ದು ಅಡ್ಡಾದಿಡ್ಡಿಯಾಗಿ, ಅದಕ್ಕೇ ಆಮೇಲೆ ಅವಳು ಅದನ್ನು ಮುಟ್ಟಿರಲಿಲ್ಲ. ಕಣ್ಣಿದ್ದವಳು ಪಕ್ಕದಲ್ಲೇ ಕೂತಿರುವಾಗ ಅದರ ಹಂಗಾದರೂ ಯಾಕೆ?

ಫೋನನ್ನು ಪರದೆಯ ಎದುರು ಹಿಡಿದಳು. ಮೊದಲು ಅದು ಏನೇನೋ ಒದರಿತು. ಹಿಂದೆ ಮುಂದೆ ಸರಿಸಿದಳು, ಓರೆ ಮಾಡಿದಳು. "ಕಾರ್ಡ್ ಝೀರೋ," ಎಂದಿತು ಫೋನು.

ಅನುಸೂಯಾ ನಕ್ಕಳು. ಇದಕ್ಕೆಲ್ಲಿ ಓದು ಬರುತ್ತದೆ! ಅಂಜಲಿ ಬೆಳಗಿನಿಂದ ಇಲ್ಲ ಇಲ್ಲ ಎಂದು ಓದಿದ್ದನ್ನು ಇದು ಇದೆ ಎನ್ನುತ್ತಿದೆ. ಮತ್ತೆ ಹಿಡಿದಳು. "ಕಾರ್ಡ್ ಝೀರೋ," ಎಂದು ಫೋನು ಮತ್ತೆ ಹೇಳಿತು, ಅದರ ಮುಂದೆ ಕಾರ್ಡಿನ ಹೆಸರನ್ನೂ ಹೇಳಿತು. ಅವಳ ನಗು ಅಲ್ಲಿಗೇ ನಿಂತಿತು. ಫೋನು ಅಲುಗಬಾರದೆಂದು ಮೊಣಕೈಯನ್ನು ಮೇಜಿಗೆ ಊರಿ ಮೂರನೆಯ ಸಲ ಹಿಡಿದಳು. ಫೋನಿಗೆ ಅವಳ ಮೇಲೆ ಏನು ಹಗೆ? ಅದು ಇದ್ದದ್ದನ್ನೇ ಹೇಳಿತು.

ಅಂದರೆ ಕಾರ್ಡು ಸುಟ್ಟಿಲ್ಲ. ಹಾಗಿದ್ದರೆ ದನಿ ಎಲ್ಲಿ? ಗಾಳೇಶ ಮೊದಲ ದಿನ ತೆರೆದಿದ್ದ ಆ ಮಿಕ್ಸರಿನ ಹೆಸರು ಅವಳಿಗೆ ನೆನಪಿತ್ತು. ಟೈಪ್ ಮಾಡಿ ತೆರೆದಳು. ಫೋನನ್ನು ಪರದೆಯುದ್ದಕ್ಕೂ ಮೆಲ್ಲಗೆ, ಗೋಡೆಗೆ ಸುಣ್ಣ ಬಳಿದಂತೆ, ಮೇಲಿನಿಂದ ಕೆಳಕ್ಕೆ ಇಳಿಸಿದಳು. "ಎಂ ಎಂ. ಮಾಸ್ಟರ್," ಎಂದಿತು ಫೋನು.

ಬಾಯಿ ಮುಚ್ಚಿದೆ.

ಅವಳು ಎಂ ಒತ್ತಿದಳು. ತಗಡಿನ ಡಬ್ಬಿಯಲ್ಲಿ ಕಡಲೆ ಗಲಗಲಿಸಿತು. ಆ ಎಡವುವ, ತಡವರಿಸುವ, ಕೆಟ್ಟ ದನಿ ಕೋಣೆ ತುಂಬ ಮಾತಾಡಿತು. ಅನುಸೂಯಾ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಂಜೂ, ಬಂತಬೇ!" ಎಂದು ಕೂಗಿಯೇಬಿಟ್ಟಳು. ಸಂತೋಷವಾದಾಗ ಮೊದಲು ಬಾಯಿಗೆ ಬರುವ ಹೆಸರು ಅದೇ. ಕೂಗಿದ ಮೇಲೆ ಅವಳಿಗೆ ಅರಿವಾಯಿತು.

ಯಂತ್ರ ಬಾಯಿ ಮುಚ್ಚಿಕೊಂಡದ್ದು ಆಕಸ್ಮಿಕ ಎನ್ನೋಣ. ಪೂಜೆ ಮಾಡುವಾಗ ಹನಮಪ್ಪನ ಕೈಯೋ ಲಿಂಬೆಹಣ್ಣೋ ತಾಗಿತೆನ್ನೋಣ. ಆದರೆ ಇದ್ದ ಕಾರ್ಡನ್ನು ಇಲ್ಲ ಎಂದು ಓದಿದ್ದು? ಒಂದು ಸಲವಲ್ಲ, ಬೆಳಗಿನಿಂದ, ನಿನ್ನೆಯಿಂದ, ಗಾಳೇಶ ಕೇಳಿದಷ್ಟು ಸಲವೂ? ಮೊದಲ ದಿನ ಪರದೆಯಲ್ಲಿ ಬಂದ ಮಾತನ್ನು ನೆನಪಿಟ್ಟುಕೊಂಡು, ಅದನ್ನೇ ಈಗ ಪರದೆಯಲ್ಲಿದ್ದಂತೆ ಓದಿದ್ದಾಳೆ ಅಂಜಲಿ. ಇಲ್ಲ, ಇರಲಾರದು, ಎಂದುಕೊಂಡಳು ಅನುಸೂಯಾ. ಅಂಜಲಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ತಪ್ಪಿ ಓದಿರಬೇಕು, ಕಣ್ಣು ಮಂಜಾಗಿರಬೇಕು. ಹೀಗೆ ಒಂದೊಂದೇ ನೆವ ಹುಡುಕಿ ಅಂಜಲಿಯ ಪರವಾಗಿ ತಾನೇ ವಾದಿಸಿದಳು. ಯಾವ ವಾದವೂ ನಿಲ್ಲಲಿಲ್ಲ.

ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ಅನುಸೂಯಾ ಗಡಬಡಿಸಿ ಚೀಲದಿಂದ ಫೋನಿನ ಇಯರ್‌ಫೋನನ್ನು ತೆಗೆದು ಕಂಪ್ಯೂಟರಿಗೆ ಚುಚ್ಚಿದಳು. ಕೋಣೆ ಸುಮ್ಮನಾಯಿತು. ಬಲಗಿವಿಗೆ ಅದರ ಒಂದು ಗುಂಡಿ ಸಿಕ್ಕಿಸಿ ಮೇಲೆ ಸೆರಗು ಎಳೆದುಕೊಂಡಳು. ಗೆಳತಿಯನ್ನು ಹೀಗೆ ಕದ್ದು ಪರೀಕ್ಷಿಸಬೇಕಾಯಿತಲ್ಲ ಎಂದು ಅವಳಿಗೇ ಹೇಸಿಗೆಯಾಯಿತು.

"ಬಸ್ಸು ಲೇಟ್ ಆತಬೇ. ತಗೊ, ಕಳಿಸ್ಯಾನ ನೋಡು," ಎಂದು ಅಂಜಲಿ ಸಣ್ಣ ಪೊಟ್ಟಣವೊಂದನ್ನು ಅವಳ ಅಂಗೈಯಲ್ಲಿಟ್ಟಳು. ಮೊನ್ನೆ ಬನ್ನಿ ಇಟ್ಟದ್ದೂ ಹಾಗೆಯೇ.

"ಇದನ್ನ ಚುಚ್ಚೂದಕ್ಕ ಮದಲು ಇನ್ನೊಂದ ಸಲ ನೋಡೂಣು. ಏನ್ ಬರತೈತಿ ಓದು," ಎಂದಳು ಅನುಸೂಯಾ. ಮಿಕ್ಸರ್ ಮುಚ್ಚಿ, ಬೆಳಗಿನ ಅದೇ ಅಪ್ಪಣೆ ಬರೆದು ಎಂಟರ್ ಒತ್ತಿದಳು.

ಬಲಗಿವಿಯಲ್ಲಿ ತಗಡಿನ ದನಿ ಕಾರ್ಡಿನ ನಂಬರು ಹೇಳಿ, ಹೆಸರು ಹೇಳಿ, ತಡವರಿಸಿ ಮುಗಿಸಿತು. ಎಡಗಿವಿಯಲ್ಲಿ ಅಂಜಲಿ, "ಅದಾ ಐತಿ. ನೋ ಸೌಂಡ್‌ಕಾರ್ಡ್ಸ್ ಫೌಂಡ್," ಎಂದಳು.

ಬಳೆಗಳು ಮೇಜಿಗೆ ತಾಗಲಿಲ್ಲ. ಅಂಜಲಿ ಪರದೆಯ ಕಡೆ ಬಾಗಿಯೂ ಇರಲಿಲ್ಲ.

"ಇನ್ನೊಮ್ಮಿ ಓದು."

"ಎಷ್ಟ ಸಲ ಓದ್ಲಿ? ಕಾರ್ಡ್ ಇಲ್ಲಂತ—"

ಅನುಸೂಯಾ ಇಯರ್‌ಫೋನಿನ ತಂತಿ ಹಿಡಿದು ಎಳೆದಳು. ಹಿಂದಿನ ಅಪ್ಪಣೆ ಮತ್ತೆ ಬರಲೆಂದು ಮೇಲ್ಮುಖದ ಬಾಣದ ಕೀಲಿ ಒತ್ತಿದಳು, ಎಂಟರ್ ಒತ್ತಿದಳು. ಸ್ಪೀಕರಿನಿಂದ ಕೋಣೆಗೆಲ್ಲ ಕೇಳುವಂತೆ ಯಂತ್ರ ಕಾರ್ಡಿನ ನಂಬರನ್ನೂ ಹೆಸರನ್ನೂ ಓದಿತು. ಆಮೇಲೆ ಫ್ಯಾನಿನ ಗಾಳಿ ಮಾತ್ರ.

ಅಂಜಲಿಯ ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು.

"ಯಾವಾಗ ಮುಚ್ಚಿದಿ?" ಅನುಸೂಯಾ ಕೇಳಿದಳು.

"ಪೂಜಿ ದಿವಸ. ಎಲ್ಲಾರೂ ಪ್ರಸಾದ ತಗೊಳಾಕ ಹೊರಗ ಹೋಗಿದ್ರಿ."

"ಮರದಿವಸ ಬನ್ನಿ ಕೊಟ್ಟಿ."

ಅಂಜಲಿ ಕೂತಳು. ಕುರ್ಚಿ ಕಿರುಗುಟ್ಟಿತು. "ನಿನಗ ಕೇಡಾಗ್ಲಿ ಅಂತ ಮಾಡ್ಲಿಲ್ಲಬೇ, ಆ ತಾಯಿ ಹುಲಿಗೆವ್ವನ ಆಣಿ. ಅದು ಬಾಯಿ ಬಿಟ್ಟರ ನನ್ನ ಬಾಯಿ ಯಾರಿಗೆ ಬೇಕು? ನಾಳಿ ನೀ ಒಬ್ಬಾಕಿನ ಮಾಡಿ ತೋರಿಸಿದ್ರ, ನಾಡದು ನಾ ಮತ್ತ ಭತ್ತದ ಸಸಿ ಹಚ್ಚಾಕ ಹೋಗಬೇಕು. ಹಿಂದ ಹೆಂಗ ನಡದಿತ್ತೋ ಹಂಗ ನಡೀಲಿ ಅಂದ್ಕೊಂಡೆ. ನೀ ಬರಿ, ನಾ ಓದ್ತೀನಿ. ಅಷ್ಟಾ."

"ನನಗ ಹೇಳಬೇಕಿಲ್ಲ?"

"ಹೆಂಗ ಹೇಳ್ಲಿ? ಅಂಜಲಿ ಬಾಯಿಗೆ ರಜಾ ಅಂದಾಗ ಎಲ್ಲಾರಕಿಂತ ಜೋರಾಗಿ ನೀನಾ ನಕ್ಕಿದ್ದಿ."

ಅದು ನಿಜ. ಆದರೆ ಆ ನಗುವಿಗೂ ಈ ಮೋಸಕ್ಕೂ ತಕ್ಕಡಿ ಸಮ ತೂಗುವುದಿಲ್ಲ ಎಂದು ಅನುಸೂಯಾಗೆ ಗೊತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಯಾರಿಗೆ ದೂರು ಹೇಳಬೇಕು? "ನನಗ ಕಾಣಂಗಿಲ್ಲಂತ ಮಂದಿ ಭಾಳ ಸುಳ್ಳು ಹೇಳ್ಯಾರ ಅಂಜಲಿ," ಎಂದಳು. "ಅಂಗಡ್ಯಾವ ಹರಕ ನೋಟು ಕೊಟ್ಟಾನ, ಬಸ್ಸಿನ್ಯಾವ ಬ್ಯಾರೆ ಊರಾಗ ಇಳಿಸ್ಯಾನ. ನನಗ ಏನೂ ಅನಿಸಿಲ್ಲ. ಮಂದಿ ಅವರು. ನೀ ನನ್ನ ಕಣ್ಣಾಗಿದ್ದೆವ್ವಾ. ಕಣ್ಣಾ ಸುಳ್ಳು ಹೇಳಿದ್ರ ನಾ ಯಾವುದರಿಂದ ನೋಡ್ಲಿ?" ಅಂಜು ಎನ್ನುವುದು ಅಂಜಲಿ ಆಗಿದ್ದನ್ನು ಇಬ್ಬರೂ ಕೇಳಿಸಿಕೊಂಡರು.

ಆ ಸಂಜೆ ಅನುಸೂಯಾ ಚೀಲದ ತಳದಿಂದ ಕೋಲು ತೆಗೆದಳು. ಬಿಡಿಸುವಾಗ ಅದರ ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂರದೆ ತಕರಾರು ಮಾಡಿದವು. ಹೊರಡುವ ಮುಂಚೆ ಹನಮಪ್ಪನನ್ನು ಕರೆದು, "ಕಾಕಾ, ನಿಮ್ಮ ಈಬತ್ತಿದ್ದು ತಪ್ಪಲ್ಲ. ನಾ ಬಾಯಿಗೆ ಬಂದಂಗ ಅಂದೆ, ಮನಸಿಗೆ ಹಚ್ಕೋಬ್ಯಾಡ್ರಿ," ಎಂದಳು.

"ಮತ್ತ ಏನಾಗಿತ್ತವ್ವಾ ಅದಕ್ಕ?" ಹನಮಪ್ಪ ಕೇಳಿದ.

"ಬಾಯಿ ಮುಚ್ಕೊಂಡಿತ್ತು," ಎಂದಷ್ಟೇ ಹೇಳಿ ಮೆಟ್ಟಿಲು ಹುಡುಕುತ್ತ ಇಳಿದಳು.

ಶುಕ್ರವಾರ ನಿರ್ದೇಶಕರು ಬಂದರು. ಎಲೆಯಡಿಕೆ ವಾಸನೆ, ಇಸ್ತ್ರಿ ಪಂಚೆಗಳ ಸರಸರ, ತೆಲುಗು ಬೆರೆತ ಹರಟೆ. ಅನುಸೂಯಾ ಯಂತ್ರದೊಳಗಿದ್ದ ಪಾಳಿ ಪಟ್ಟಿ ತೆರೆದಳು, ದುರುಗಪ್ಪನವರು ಕೇಳಿದ ಊರು ಹುಡುಕಿದಳು, ದಿನ ಬದಲಿಸಿದಳು, ಹೊಸ ನೋಟೀಸು ಬರೆದಳು. ತಗಡಿನ ದನಿ ಅವಳ ಜೊತೆಜೊತೆಗೇ ನಡೆಯಿತು. 'ದುರುಗಪ್ಪ' ಎನ್ನಲು ಅದು ತಡವರಿಸಿದಾಗ ಅಧ್ಯಕ್ಷರೇ ಗಹಗಹಿಸಿ ನಕ್ಕರು. "ಪರವಾಗಿಲ್ರೀ, ನನ್ನ ಹೇಣ್ತಿಕಿಂತ ಛಲೋ ಕರಿತೈತಿ," ಎಂದರು.

"ನಾ ಹೇಳಿದ್ನಲ್ರಿ!" ಎಂದ ಗೋವಿಂದರಾಜ ಉಬ್ಬಿ. "ಕಾಯಂ ಮಾಡಾಕ ಏನೂ ಅಡ್ಡಿ ಇಲ್ಲ. ಅಂಜಲಿದೂ ಒಂದು ವಿಚಾರ ಮಾಡ್ಬೇಕು, ಇನ್ನ ಓದಾವ್ರು ಯಾಕ?"

ಎಡಗಡೆಯ ಕುರ್ಚಿಯಲ್ಲಿ ಬಳೆ ಸದ್ದಾಗಲಿಲ್ಲ. ಅನುಸೂಯಾ ಕಾಯಂ ಎಂಬ ಮಾತು ಕೇಳಿ ಹಿಗ್ಗಬೇಕಿತ್ತು. ಹಿಗ್ಗು ಬರಲಿಲ್ಲ. ಒಂದು ಮಾತು ಅಂದರೆ ಅಂಜಲಿ ಇವತ್ತೇ ಗದ್ದೆಗೆ, ಇನ್ನೊಂದು ಮಾತು ಅಂದರೆ ನಾಳೆಯೂ ಈ ಕುರ್ಚಿಗೆ. ಎರಡೂ ಮಾತು ನಾಲಗೆಯ ಮೇಲಿದ್ದವು.

ಅಷ್ಟರಲ್ಲಿ ದುರುಗಪ್ಪನವರು ಜೇಬಿನಿಂದ ಕಾಗದ ತೆಗೆದ ಸದ್ದಾಯಿತು. "ತಡೀರಿ. ನಮ್ಮ ತಿಮ್ಮಣ್ಣಂದು ಒಂದು ತಕರಾರ್ ಅರ್ಜಿ ಐತಿ, ಕೈಲೆ ಬರದಾನ. ಇದನ್ನ ನಿಮ್ಮ ಮಷೀನ್ ಓದತೈತೇನು?"

"ಇಲ್ರಿ. ಕೈಬರಹ ಅದಕ್ಕ ಬರಂಗಿಲ್ಲ," ಎಂದಳು ಅನುಸೂಯಾ. ಕಾಗದ ಅವಳ ಕೈಗೆ ಬಂತು. ಬೆವರಿಗೆ ಮೆತ್ತಗಾದ, ನಾಲ್ಕು ಮಡಿಕೆಯ ಕಾಗದ. ಅದನ್ನು ಅವಳು ಒಂದು ಗಳಿಗೆ ಹಿಡಿದುಕೊಂಡೇ ಇದ್ದಳು. ಆಮೇಲೆ ಎಡಕ್ಕೆ ಚಾಚಿದಳು.

ಅಂಜಲಿ ಓದಿದಳು. ಮೇಲಿನ ಹೊಲದವರು ತೂಬಿಗೆ ಹುಲ್ಲು ತುರುಕಿ ನೀರು ನಿಲ್ಲಿಸಿದ್ದಾರೆ, ಕೇಳಿದರೆ ಕಾಲುವೆಯಲ್ಲೇ ನೀರಿಲ್ಲ ಎನ್ನುತ್ತಾರೆ, ಕೊನೆಯಂಚಿನ ತನ್ನ ಭತ್ತ ಒಣಗುತ್ತಿದೆ, ಸಂಘದವರು ಖುದ್ದು ಬಂದು ನೋಡಬೇಕು. ಅಂಜಲಿಯ ದನಿ ಸಣ್ಣಗಿತ್ತು, ಆದರೆ ಎಲ್ಲೂ ನಿಲ್ಲಲಿಲ್ಲ. ಅನುಸೂಯಾ ಕೇಳಿದ್ದನ್ನು ಕೇಳಿದಂತೆ ಟೈಪ್ ಮಾಡಿದಳು. ನಿರ್ದೇಶಕರು ತಲೆದೂಗಿ, "ಹಂಗಾರ ಇಬ್ರೂ ಇರ್ಲಿ ಬಿಡ್ರಿ," ಎಂದು ಚಹಾ ಕುಡಿಯಲು ಗೋವಿಂದರಾಜನ ಕೋಣೆಗೆ ಹೋದರು.

ಅಂಜಲಿ ದೊಡ್ಡದಾಗಿ ಉಸಿರು ಬಿಟ್ಟಳು. "ಅನೂ," ಎಂದಳು. ಅವಳ ಬೆರಳು ಅನುಸೂಯಾಳ ಮೊಣಕೈಗೆ ತಾಗಿತು. "ಹೊರಗ ಹೋಗಿ ಚಾ ಕುಡದು ಬರೂಣೇನು?"

ಅನುಸೂಯಾ ಕೈ ಚಾಚಿ ಮೇಜಿನ ಮೇಲೆ ಅರ್ಜಿ ಎಲ್ಲಿದೆ ಎಂದು ತಡಕಿದಳು. ಸಿಕ್ಕಿತು.

"ಹನಮಪ್ಪ ಕಾಕಾ," ಎಂದು ಕೂಗಿದಳು. "ಒಂದೀಟು ಬರ್ರಿ. ಇದನ್ನೊಮ್ಮಿ ಓದ್ರಿ."

"ನಾನಾ? ನಾ ಮೂರನೇ ಇಯತ್ತೆಕ್ಕ ಸಾಲಿ ಬಿಟ್ಟಾವ ಯವ್ವಾ. ಅಂಜಲಿ ಅದಾಳಲ್ಲ."

"ನೀವಾ ಓದ್ರಿ. ಬರೇ ಇದ್ದದ್ದು ಇದ್ದಂಗ. ಎಷ್ಟೊತ್ತರ ಆಗ್ಲಿ."

ಹನಮಪ್ಪ ಕಾಗದವನ್ನು ಬೆಳಕಿಗೆ ಹಿಡಿದು, ಕನ್ನಡಕ ಸರಿಪಡಿಸಿಕೊಂಡು, ಬೆರಳಿಟ್ಟು ಶುರುಮಾಡಿದ. "ಮೇ... ಮೇಲಿನ... ಹೊ, ಹೊಲ... ಹೊಲದವರು..." ಅವನ ಒಂದೊಂದು ಪದಕ್ಕೂ ಅನುಸೂಯಾ ಕೀಲಿ ಒತ್ತುತ್ತಿದ್ದಳು, ಅಂಜಲಿ ಓದಿದಾಗ ಬರೆದುಕೊಂಡಿದ್ದ ಪದವನ್ನು ಯಂತ್ರ ಹೇಳುತ್ತಿತ್ತು. ಮೇಲಿನ. ಹೊಲದವರು. ತೂಬಿಗೆ. ಹುಲ್ಲು. ಮುದುಕನ ದನಿ ಮುಂದೆ, ತಗಡಿನ ದನಿ ಹಿಂದೆ. ಒಂದು ಪದವೂ ತಪ್ಪಿರಲಿಲ್ಲ. ಅಂಜಲಿ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. ಅವಳ ಬಳೆಗಳ ಸದ್ದು ಎಲ್ಲಿಂದಲೂ ಬರಲಿಲ್ಲ.

"ಮುಂದ ಓದ್ರಿ ಕಾಕಾ," ಎಂದಳು ಅನುಸೂಯಾ.